ಬೂದು ಗಿಣಿಗೆ ಮನೆಯಲ್ಲೇ ತಾಜಾ ಮಿಶ್ರಣ ತಯಾರಿಸುವುದು ಹೇಗೆ?

ತುಂಗಾತೀರ (ಶಿವಮೊಗ್ಗ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಆರು ವರ್ಷದ ಆಫ್ರಿಕನ್ ಬೂದು ಗಿಣಿ ಇದೆ. ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದರ ನೋಂದಣಿಯನ್ನೂ ಮಾಡಿಸಿದ್ದೇವೆ. ಮೊದಲಿನಿಂದಲೂ ಅದಕ್ಕೆ ಸೂರ್ಯಕಾಂತಿ ಬೀಜ ಮತ್ತು ಕಡಲೆಕಾಯಿಯೇ ಮುಖ್ಯ ಆಹಾರ. ಅಂಗಡಿಯ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಹಾಕಿದರೆ ಒಂದೊಂದನ್ನೇ ಕೊಕ್ಕಿನಲ್ಲಿ ಹಿಡಿದು ಪಂಜರದಿಂದ ಹೊರಗೆ ಬೀಳಿಸುತ್ತದೆ. ಇತ್ತೀಚೆಗೆ ಪರೀಕ್ಷಿಸಿದ ವೈದ್ಯರು, ಎ ಜೀವಸತ್ವದ ಕೊರತೆಯ ಲಕ್ಷಣಗಳಿವೆ, ಬೀಜ ಕಡಿಮೆ ಮಾಡಿ ತರಕಾರಿ, ಧಾನ್ಯಗಳ ತಾಜಾ ಮಿಶ್ರಣ ಕೊಡಿ ಎಂದಿದ್ದಾರೆ. ಆದರೆ ನಾನು ನೋಡಿದ ವಿದೇಶಿ ವಿಡಿಯೊಗಳಲ್ಲಿ ಬರುವ ಕೇಲ್, ಕೀನ್ವಾ, ಬ್ಲೂಬೆರಿಗಳು ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ನಮ್ಮ ಕಡೆಯ ಯಾವ ಸೊಪ್ಪು, ಯಾವ ಧಾನ್ಯ ಬಳಸಬಹುದು? ಹಸಿಯಾಗಿ ಕೊಡಬೇಕೇ, ಬೇಯಿಸಬೇಕೇ? ವಾರಕ್ಕಾಗುವಷ್ಟು ಒಮ್ಮೆಗೇ ಮಾಡಿಡಬಹುದೇ? ನಮ್ಮ ಅತ್ತೆಯವರು ಪ್ರೀತಿಯಿಂದ ದಿನವೂ ಹಾಲಿನಲ್ಲಿ ಅದ್ದಿದ ಬ್ರೆಡ್ ಮತ್ತು ಒಂದು ಚೂರು ಬೆಲ್ಲ ಕೊಡುತ್ತಾರೆ. ಅದು ಸರಿಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಹಿತ್ತಲಗಿಡ (ಮೈಸೂರು):

ಕೇಲ್, ಕೀನ್ವಾಗಳ ಚಿಂತೆಯನ್ನು ಮೊದಲು ಬಿಡಿ. ನಾನು ಬೂದು ಗಿಣಿಯನ್ನೂ ಕನ್ಯೂರ್ ಎಂಬ ಚಿಕ್ಕ ಗಿಣಿಯನ್ನೂ ಸಾಕಿದ್ದೇನೆ. ಅವುಗಳ ಬಟ್ಟಲಿಗೆ ಬೇಕಾದುದೆಲ್ಲ ದೇವರಾಜ ಮಾರುಕಟ್ಟೆಯಲ್ಲಿ ಸಿಗುತ್ತದೆ, ನಿಮ್ಮ ಸಂತೆಯಲ್ಲೂ ಖಂಡಿತ ಸಿಗುತ್ತದೆ.

ನನ್ನ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತರಕಾರಿ ಮತ್ತು ಸೊಪ್ಪು, ಹೆಚ್ಚುಕಡಿಮೆ ಕಾಲು ಪಾಲು ಬೇಯಿಸಿದ ಧಾನ್ಯ, ಉಳಿದದ್ದು ಕಾಳು, ಹಣ್ಣು ರುಚಿಗಷ್ಟೇ. ಹೊಸಬರು ಇದನ್ನು ತಿರುಗುಮುರುಗು ಮಾಡಿ ಬಟ್ಟಲ ತುಂಬ ಸೇಬು, ದ್ರಾಕ್ಷಿ ಹಾಕುವುದನ್ನು ಬಹಳ ಕಂಡಿದ್ದೇನೆ. ಎ ಜೀವಸತ್ವದ ಕೊರತೆಯಿರುವ ಹಕ್ಕಿಗೆ ಆ ಹಣ್ಣುಗಳಿಂದ ಹೆಚ್ಚಿನ ಉಪಯೋಗವಿಲ್ಲ. ಬೇಕಾದದ್ದು ಮೈಯೊಳಗೆ ಎ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೋಟಿನ್. ಅದು ಕಿತ್ತಳೆ ಬಣ್ಣದ ತರಕಾರಿಗಳಲ್ಲಿ ಮತ್ತು ಕಡುಹಸಿರು ಸೊಪ್ಪುಗಳಲ್ಲಿ ಇರುತ್ತದೆ. ಆದ್ದರಿಂದ ಸಿಹಿಗುಂಬಳ, ಕ್ಯಾರೆಟ್, ಒಳಗೆ ಕಿತ್ತಳೆ ಬಣ್ಣವಿರುವ ಗೆಣಸು ಮತ್ತು ಕೆಂಪು ದಪ್ಪಮೆಣಸಿನಕಾಯಿಗಳಲ್ಲಿ ಒಂದೆರಡಾದರೂ ದಿನವೂ ಇರಲಿ. ಗೆಣಸನ್ನು ಬೇಯಿಸಿ, ಕುಂಬಳವನ್ನು ಹಬೆಯಲ್ಲಿ ಸ್ವಲ್ಪ ಮೆತ್ತಗಾಗಿಸಿ, ಕ್ಯಾರೆಟ್ಟನ್ನು ಹಸಿಯಾಗಿಯೇ ತುರಿಯಿರಿ. ಸೊಪ್ಪಿನಲ್ಲಿ ನುಗ್ಗೆಗೆ ನನ್ನ ಮೊದಲ ಮಣೆ, ಆಮೇಲೆ ಮೆಂತ್ಯ, ಕೊತ್ತಂಬರಿ, ಮೂಲಂಗಿ ಸೊಪ್ಪು. ನವಿಲುಕೋಸಿನ ಎಲೆಗಳನ್ನು ತರಕಾರಿಯವರು ಮುರಿದು ಬುಟ್ಟಿಯ ಪಕ್ಕಕ್ಕೆ ಎಸೆದಿರುತ್ತಾರೆ; ಕೇಳಿದರೆ ದುಡ್ಡಿಲ್ಲದೆ ಕೊಡುತ್ತಾರೆ, ಅವು ಬಹಳ ಒಳ್ಳೆಯವು.

ಧಾನ್ಯಕ್ಕೆ ನವಣೆ, ಸಾಮೆ ಅಥವಾ ಕೆಂಪಕ್ಕಿಯನ್ನು ಉಪ್ಪು ಹಾಕದೆ ಉದುರುದುರಾಗಿ ಬೇಯಿಸಿ ಆರಿಸಿಕೊಳ್ಳಿ. ಹೆಸರುಕಾಳನ್ನು ಮೊಳಕೆ ಬರಿಸಿ ಕೊಡಬಹುದು. ಕಡಲೆ, ಅಲಸಂದೆಗಳನ್ನು ಬೇಯಿಸಿಯೇ ಕೊಡುತ್ತೇನೆ. ಇಡೀ ರಾಗಿಯ ಕಾಳನ್ನು ಬೂದು ಗಿಣಿ ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ಮೊಳಕೆ ರಾಗಿಯ ಹಿಟ್ಟಿನಿಂದ ಉಪ್ಪಿಲ್ಲದ ಗಟ್ಟಿ ಮುದ್ದೆ ಮಾಡಿ, ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪನ್ನು ಬಿಸಿಯಿರುವಾಗಲೇ ನಾದಿ, ಆರಿದ ಮೇಲೆ ನೆಲ್ಲಿಕಾಯಿ ಗಾತ್ರದ ಉಂಡೆ ಕೊಟ್ಟು ನೋಡಿ: ನಮ್ಮದು ಅದನ್ನು ಎಡಗಾಲಿನಲ್ಲಿ ಎತ್ತಿ ಹಿಡಿದು, ಸುತ್ತಲೂ ತಿರುಗಿಸುತ್ತ, ಕೊಂಚಕೊಂಚವೇ ಕೆರೆದು ಮುಗಿಸುತ್ತದೆ.

ಹೆಚ್ಚುವ ರೀತಿಯೂ ಮುಖ್ಯ. ತುಂಡುಗಳು ದೊಡ್ಡದಾದರೆ ಹಕ್ಕಿ ತನಗೆ ಬೇಕಾದದ್ದನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಗೋಡೆಗೆ ಎಸೆಯುತ್ತದೆ. ಈಳಿಗೆಮಣೆಯಲ್ಲಿ ಸಾಧ್ಯವಾದಷ್ಟು ಸಣ್ಣಗೆ ಹೆಚ್ಚಿದರೆ ಆರಿಸಲು ಆಗದೆ ಎಲ್ಲವೂ ಬೆರೆತು ಬಾಯಿಗೆ ಹೋಗುತ್ತದೆ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಪಸೆಯಾರಿಸಿದ ಬಳಿಕವೇ ಹೆಚ್ಚಿ, ಏಕೆಂದರೆ ಒದ್ದೆ ಮಿಶ್ರಣ ಬೇಗ ಹಳಸುತ್ತದೆ.

ಪಶುವೈದ್ಯ (ಬೆಂಗಳೂರು):

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಬೂದು ಗಿಣಿಯ ವಿಷಯದಲ್ಲಿ ಸುಣ್ಣದ ಅಂಶದ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಇತರ ಗಿಣಿಗಳಿಗಿಂತ ಈ ಜಾತಿಯಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿಯುವ ತೊಂದರೆ ಹೆಚ್ಚು. ಅದು ವಿಪರೀತವಾದಾಗ ಹಕ್ಕಿ ನಡುಗುತ್ತದೆ, ಕೋಲಿನಿಂದ ಜಾರಿ ಬೀಳುತ್ತದೆ, ಫಿಟ್ಸ್ ಕೂಡ ಬರುತ್ತದೆ. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕೊಬ್ಬಿದೆ, ಕ್ಯಾಲ್ಸಿಯಂ ಅತ್ಯಲ್ಪ, ರಂಜಕ ಬಹಳ. ರಂಜಕ ಹೆಚ್ಚಾದಷ್ಟೂ ಇರುವ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ರಾಗಿ ಮತ್ತು ನುಗ್ಗೆ ಸೊಪ್ಪು ಎರಡರಲ್ಲೂ ನೂರು ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಆ ಮುದ್ದೆಯ ಉಪಾಯ ನನಗೆ ಬಹಳ ಹಿಡಿಸಿತು. ಪಾಲಕ್, ಬಸಳೆ, ದಂಟು, ಬೀಟ್‌ರೂಟಿನ ಎಲೆಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅವನ್ನು ಅಪರೂಪಕ್ಕೆ ಮಾತ್ರ ಕೊಡಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರ ನೊರೆಯ (ಕಟಲ್‌ಫಿಶ್ ಮೂಳೆಯ) ತುಂಡೊಂದನ್ನು ಪಂಜರಕ್ಕೆ ಕಟ್ಟಿ. ಆದರೆ ತಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಡಿ ಜೀವಸತ್ವ ಬೇಕು, ಅದಕ್ಕೆ ಎಳೆಬಿಸಿಲು ಬೇಕು. ಕಿಟಕಿಯ ಗಾಜು ಬಿಸಿಲಿನ ಆ ಕಿರಣಗಳನ್ನು ತಡೆಯುತ್ತದೆ, ಆದ್ದರಿಂದ ಗಾಜಿನ ಹಿಂದೆ ಪಂಜರವಿಟ್ಟರೆ ಸಾಲದು. ಬಯಲಲ್ಲಿಡಿ, ಪಂಜರದ ಒಂದು ಬದಿಗೆ ನೆರಳಿರಲಿ, ಬೆಕ್ಕು, ಕಾಗೆಗಳು ಹತ್ತಿರ ಸುಳಿಯದಂತೆ ಯಾರಾದರೂ ಪಕ್ಕದಲ್ಲಿರಲಿ.

ಆಫ್ರಿಕದ ಕಾಡುಗಳಲ್ಲಿ ಈ ಗಿಣಿಗಳು ಎಣ್ಣೆತಾಳೆಯ ಹಣ್ಣನ್ನು ಬಹಳವಾಗಿ ತಿನ್ನುತ್ತವೆ. ಆ ಹಣ್ಣು ಕ್ಯಾರೋಟಿನ್ನಿನ ಗಣಿ. ಇದನ್ನು ಎಲ್ಲೋ ಓದಿದ ಕೆಲವರು ಅಡುಗೆಯ ಪಾಮ್ ಎಣ್ಣೆಯನ್ನು ಮಿಶ್ರಣಕ್ಕೆ ಸುರಿಯುತ್ತಾರೆ. ನಮ್ಮ ಅಂಗಡಿಗಳಲ್ಲಿರುವುದು ಸಂಸ್ಕರಿಸಿದ ಎಣ್ಣೆ; ಬಣ್ಣದ ಜೊತೆಗೆ ಕ್ಯಾರೋಟಿನ್ ಕೂಡ ಹೋಗಿ ಬರಿಯ ಕೊಬ್ಬು ಉಳಿದಿರುತ್ತದೆ. ಅದು ಬೇಡ, ಕುಂಬಳವೇ ಸಾಕು.

ಕೊಡಲೇಬಾರದವುಗಳಲ್ಲಿ ಮೊದಲನೆಯದು ಬೆಣ್ಣೆಹಣ್ಣು. ಅದರಲ್ಲಿರುವ ಪರ್ಸಿನ್ ಎಂಬ ಅಂಶ ಹಕ್ಕಿಗಳಿಗೆ ಮಾರಕ. ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನಕಾಯಿ, ಹಪ್ಪಳಗಳು ಬೇಡ. ಸೇಬನ್ನು ಬೀಜ ತೆಗೆದು ಕೊಡಿ. ರಾಜ್ಮಾ ಮತ್ತು ಅವರೆಕಾಳನ್ನು ಹಸಿಯಾಗಿ ಅಥವಾ ಅರೆಬೆಂದ ಸ್ಥಿತಿಯಲ್ಲಿ ಕೊಡಲೇಬೇಡಿ. ರಾಜ್ಮಾವನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಸಿ ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಕಡಲೆಕಾಯಿಯಲ್ಲಿ ಬೂಸ್ಟು ಕಣ್ಣಿಗೆ ಕಾಣದೆಯೂ ಇರಬಹುದಾದ್ದರಿಂದ ಸಿಪ್ಪೆ ಬಿಡಿಸಿ, ಹುರಿದದ್ದನ್ನು, ಬಹುಮಾನವಾಗಿ ಒಂದೆರಡು ಮಾತ್ರ ಕೊಡಿ. ಹಸಿಮೆಣಸಿನಕಾಯಿಯ ಬಗ್ಗೆ ಹೆದರಬೇಡಿ. ಖಾರದ ಉರಿ ಹಕ್ಕಿಗಳಿಗೆ ತಿಳಿಯುವುದೇ ಇಲ್ಲ.

ಅತ್ತೆಯವರ ಮನಸ್ಸು ನೋಯಿಸುವುದು ಬೇಡ, ಆದರೆ ಹಾಲು ಮತ್ತು ಬೆಲ್ಲ ನಿಲ್ಲಬೇಕು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಹಕ್ಕಿಗೆ ಅರಗುವುದಿಲ್ಲ. ಅವರ ಕೈಯಿಂದಲೇ ದಾಳಿಂಬೆಯ ನಾಲ್ಕು ಕಾಳನ್ನೋ ಸೀಬೆಯ ಚೂರನ್ನೋ ಕೊಡಿಸಿ.

ಬಯಲುಸೀಮೆ (ರಾಯಚೂರು):

ನಮ್ಮಲ್ಲಿ ಬೇಸಿಗೆಯಲ್ಲಿ ತಾಜಾ ಮಿಶ್ರಣ ಬಟ್ಟಲಿನಲ್ಲಿ ಎರಡು ಗಂಟೆ ಉಳಿಯುವುದೂ ಕಷ್ಟ. ಆಮೇಲೆ ಹುಳಿ ವಾಸನೆ ಶುರುವಾಗುತ್ತದೆ. ಹಾಗಾಗಿ ವಾರಕ್ಕೆ ಬೇಕಾದಷ್ಟನ್ನು ಒಮ್ಮೆಗೇ ಹೆಚ್ಚಿ, ಐಸ್ ಟ್ರೇಯ ಗುಳಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತೇನೆ. ಹಿಂದಿನ ರಾತ್ರಿ ಬೇಕಾದಷ್ಟು ಗಡ್ಡೆಗಳನ್ನು ಕೆಳಗಿನ ಅರೆಗೆ ಇಳಿಸಿದರೆ ಬೆಳಿಗ್ಗೆಗೆ ಕರಗಿರುತ್ತದೆ. ಸೌತೆಕಾಯಿ, ಟೊಮೆಟೊ, ಹಣ್ಣುಗಳನ್ನು ಮಾತ್ರ ಅದರಲ್ಲಿ ಸೇರಿಸಬೇಡಿ, ನೀರು ಬಿಟ್ಟು ಎಲ್ಲವನ್ನೂ ಕೆಡಿಸುತ್ತವೆ.

ಹಿತ್ತಲಗಿಡ (ಮೈಸೂರು):

ನನಗೆ ಫ್ರೀಜರಿನ ಸೊಪ್ಪು ಒಗ್ಗುವುದಿಲ್ಲ. ಕರಗಿದ ಮೇಲೆ ಮೆಂತ್ಯ ಜೋಲುಬಿದ್ದು ಕಪ್ಪಾಗುತ್ತದೆ, ನಮ್ಮ ಕನ್ಯೂರ್ ಅದನ್ನು ಮುಟ್ಟುವುದೇ ಇಲ್ಲ. ಕುಂಬಳ, ಧಾನ್ಯ, ಕಾಳುಗಳನ್ನು ಹಾಗೆ ಇಟ್ಟುಕೊಂಡು ಸೊಪ್ಪನ್ನು ಅಂದಂದೇ ಬೆರೆಸುವುದು ನನ್ನ ಮಟ್ಟಿಗೆ ಸರಿಹೋಗಿದೆ.

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ಕೃತಜ್ಞತೆಗಳು. ಸೊಪ್ಪನ್ನು ಅಂದಂದೇ ಬೆರೆಸುವ ಕ್ರಮವನ್ನು ಅನುಸರಿಸುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ: ಗಿಣಿ ಈ ಮಿಶ್ರಣವನ್ನು ಮುಟ್ಟದಿದ್ದರೆ ಬೀಜವನ್ನು ಪೂರ್ತಿಯಾಗಿ ನಿಲ್ಲಿಸಿ ಹಸಿವಾಗಲು ಬಿಡಬೇಕೇ?

ಪಶುವೈದ್ಯ (ಬೆಂಗಳೂರು):

ಖಂಡಿತ ಬೇಡ. ಗುರುತಿಸದ ವಸ್ತುವನ್ನು ಗಿಣಿ ಆಹಾರವೆಂದೇ ಭಾವಿಸುವುದಿಲ್ಲ, ಎದುರಿಗೆ ತುಂಬಿದ ಬಟ್ಟಲಿದ್ದರೂ ಉಪವಾಸ ಬೀಳಬಹುದು. ಬೆಳಿಗ್ಗೆ ಹಸಿವು ಹೆಚ್ಚಿರುವಾಗ ಮೊದಲು ಎರಡು ಚಮಚದಷ್ಟು ಮಿಶ್ರಣವಿಟ್ಟು, ಅದರ ಮೇಲೆ ಪರಿಚಿತವಾದ ಬೀಜವನ್ನೇ ಒಂದಿಷ್ಟು ಉದುರಿಸಿ. ಒಂದೆರಡು ಗಂಟೆಯ ಬಳಿಕ ಬಟ್ಟಲು ತೆಗೆದು, ಅಳತೆ ಮಾಡಿದ ಬೀಜ ಕೊಡಿ. ವಾರಗಳು ಕಳೆದಂತೆ ಬೀಜದ ಅಳತೆಯನ್ನು ಇಳಿಸುತ್ತಾ ಬನ್ನಿ. ತೊಳೆದ ಮೆಂತ್ಯದ ಕಟ್ಟನ್ನು ಪಂಜರದ ಸರಳಿಗೆ ತಲೆಕೆಳಗಾಗಿ ಕಟ್ಟಿ. ಆಟವೆಂದು ಹರಿಯಲು ತೊಡಗಿದ ಹಕ್ಕಿ ರುಚಿಯನ್ನೂ ನೋಡುತ್ತದೆ. ನೀವು ಅದರ ಎದುರಿಗೆ ಕುಳಿತು ಅದೇ ಕ್ಯಾರೆಟ್ ತಿಂದರೆ ಇನ್ನೂ ಬೇಗ ಕಲಿಯುತ್ತದೆ.

ಗ್ರಾಮಿನ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿಯೊಂದನ್ನು ಕೊಂಡು, ದಿನವೂ ಬೆಳಿಗ್ಗೆ ತಿನ್ನಿಸುವ ಮೊದಲು ಹಕ್ಕಿಯನ್ನು ತೂಗಿ ಬರೆದಿಡಿ. ಬೂದು ಗಿಣಿಗಳು ಸಾಮಾನ್ಯವಾಗಿ 400ರಿಂದ 550 ಗ್ರಾಂ ತೂಗುತ್ತವೆ. ನಿಮ್ಮ ಹಕ್ಕಿಯ ಈಗಿನ ತೂಕದಲ್ಲಿ ಹತ್ತನೆಯ ಒಂದು ಭಾಗ ಇಳಿಯುವ ಸೂಚನೆ ಕಂಡರೆ ಬದಲಾವಣೆ ನಿಲ್ಲಿಸಿ, ಮೊದಲಿನಂತೆ ಬೀಜ ಕೊಟ್ಟು, ನಿಮ್ಮ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕುಂಬಳ, ಕ್ಯಾರೆಟ್ ತಿನ್ನತೊಡಗಿದಾಗ ಹಿಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿ ತುಸು ನೀರಾಗಬಹುದು, ಅದಕ್ಕೆ ಗಾಬರಿ ಬೇಡ. ಹಕ್ಕಿ ಮಂಕಾಗಿ ಗರಿ ಉಬ್ಬಿಸಿ ಕುಳಿತರೆ ಮಾತ್ರ ಅಂದೇ ತೋರಿಸಿ.