ಬಾಣವೋ, ಬುತ್ತಿಯೋ? (ಇತಿಹಾಸ ಎಂ.ಎ. ಗೆಳೆಯರ ಗುಂಪು)

ಗಿರೀಶ: (ಫಾರ್ವರ್ಡ್) "1066ರ ಹೇಸ್ಟಿಂಗ್ಸ್ ಕಾಳಗದಲ್ಲಿ ಇಂಗ್ಲೆಂಡಿನ ದೊರೆ ಹೆರಾಲ್ಡನ ಕಣ್ಣಿಗೆ ನಾಟಿದ ಒಂದೇ ಬಾಣ ದೇಶದ ಹಣೆಬರಹ ಬದಲಿಸಿತು!"

ಸುಧಾ: ಇದನ್ನ ಮುಂದಕ್ಕೆ ಕಳಿಸಬೇಡ ಮಾರಾಯ. ಆ ಕಾಳಗದ ಕಥೆ ಹೊಲಿದಿರೋ ಬೇಯೂ ಕಸೂತಿಪಟ್ಟಿ ತೆಗೆದು ನೋಡು. "ಹೆರಾಲ್ಡ್ ದೊರೆ ಹತನಾದ" ಅನ್ನೋ ಲ್ಯಾಟಿನ್ ಅಕ್ಷರಗಳ ಕೆಳಗೆ ಇಬ್ಬರಿದ್ದಾರೆ. ಒಬ್ಬ ಕಣ್ಣಿನ ಹತ್ತಿರ ಏನನ್ನೋ ಹಿಡಿದಿದ್ದಾನೆ, ಇನ್ನೊಬ್ಬ ಸವಾರನ ಕತ್ತಿಗೆ ಸಿಕ್ಕಿ ಬೀಳ್ತಿದ್ದಾನೆ. ದೊರೆ ಯಾರು ಅಂತ ಹೇಳ್ತೀಯ? ಆ ಜಾಗದ ಹೊಲಿಗೆ 19ನೇ ಶತಮಾನದಲ್ಲಿ ದುರಸ್ತಿಯಾಗಿದೆ.

ಮಂಜುನಾಥ: ಇಟಲಿಯ ಸನ್ಯಾಸಿ ಅಮಾಟಸ್ 1080ರ ಸುಮಾರಿಗೇ ಕಣ್ಣಿನ ಬಾಣದ ಮಾತು ಬರೆದಿದ್ದಾನಲ್ಲ?

ಸುಧಾ: ಅವನ ಮೂಲ ಕಳೆದುಹೋಗಿದೆ. ಉಳಿದಿರೋದು ಎಷ್ಟೋ ಕಾಲದ ಮೇಲಿನ ಫ್ರೆಂಚ್ ಅನುವಾದ, ಮಧ್ಯೆ ಸೇರಿಸಿದ ಮಾತೂ ಆಗಿರಬಹುದು. ಬಾಣ ಬಿಡು, ಸೋಲಿನ ಬೇರು ಬುತ್ತಿಯಲ್ಲಿದೆ. ಡೂಮ್ಸ್‌ಡೇ ಅನ್ನೋ ಆ ಕಾಲದ ಭೂಮಿ ಲೆಕ್ಕದ ದಾಖಲೆಯಲ್ಲಿ ಬರ್ಕ್‌ಷೈರಿನ ಪದ್ಧತಿ ಇದೆ: 5 ಹೈಡ್ (ಆಗಿನ ಅಳತೆ) ಭೂಮಿಗೆ ಒಬ್ಬ ಯೋಧ, ಹೈಡಿಗೆ 4 ಶಿಲ್ಲಿಂಗ್. ಆ 20 ಶಿಲ್ಲಿಂಗಿನಲ್ಲಿ ಅವನು 2 ತಿಂಗಳು ಕಳೀಬೇಕು. ಹೆರಾಲ್ಡ್ ಇಡೀ ಬೇಸಿಗೆ ದಕ್ಷಿಣ ಕರಾವಳಿ ಕಾಯಿಸಿದ. ಸೆಪ್ಟೆಂಬರ್ 8ಕ್ಕೆ ದಿನಸಿ ಖಾಲಿಯಾಗಿ ಎಲ್ಲರನ್ನೂ ಮನೆಗೆ ಕಳಿಸಿದ. 28ಕ್ಕೆ ನಾರ್ಮಂಡಿಯ ಡ್ಯೂಕ್ ವಿಲಿಯಂ ದಂಡೆತ್ತಿ ಬಂದು ಅದೇ ಕರಾವಳಿಯ ಪೆವೆನ್ಸಿಯಲ್ಲಿ ಇಳಿದಾಗ ತಡೆಯೋರೇ ಇರಲಿಲ್ಲ.

ಮಂಜುನಾಥ: ಇಳಿದ ಮಾತ್ರಕ್ಕೆ ಗೆದ್ದ ಹಾಗಲ್ಲ. ಅಕ್ಟೋಬರ್ 14ರಂದು ಬೆಳಿಗ್ಗೆ 9ರಿಂದ ಕತ್ತಲಾಗೋವರೆಗೂ ಕಾದಾಟ ನಡೀತು. ದಿಬ್ಬದ ಮೇಲೆ ಗುರಾಣಿಗೆ ಗುರಾಣಿ ತಾಗಿಸಿ ನಿಂತ ಇಂಗ್ಲಿಷರ ಮೇಲೆ ವಿಲಿಯಂನ ಕುದುರೆಪಡೆ ಪದೇಪದೇ ಏರಿ ಬಂದರೂ ಸಾಲು ಮುರೀಲಿಲ್ಲ. ವಿಲಿಯಂ ಕಡೆಯ ಬ್ರೆಟನ್ನರು ಹಿಮ್ಮೆಟ್ಟಿದಾಗ ಇಂಗ್ಲಿಷರ ಬಲಗಡೆಯವರು ಅಟ್ಟಿಸಿಕೊಂಡು ಕೆಳಗಿಳಿದರು. ಬಯಲಿಗೆ ಬಂದ ಕಾಲಾಳು ಕುದುರೆಗೆ ಸುಲಭದ ತುತ್ತು. ಕೆಟ್ಟಿದ್ದು ಅಲ್ಲಿ.

ರೇಖಾ: ಇಬ್ಬರೂ ಉತ್ತರದ ಕಡೆ ನೋಡ್ತಿಲ್ಲ. ಸೆಪ್ಟೆಂಬರ್ 20ಕ್ಕೆ ಫುಲ್‌ಫರ್ಡಿನಲ್ಲಿ ನಾರ್ವೆಯವರ ಎದುರು ಇಂಗ್ಲಿಷ್ ಸರದಾರರಾದ ಎಡ್ವಿನ್, ಮಾರ್ಕರ್ ಅವರ ಪಡೆ ನುಚ್ಚುನೂರಾಯಿತು. 25ಕ್ಕೆ ಸ್ಟಾಂಫರ್ಡ್ ಸೇತುವೆ ಹತ್ತಿರ ಹೆರಾಲ್ಡ್ ಗೆದ್ದ, ನಾರ್ವೆಯ ದೊರೆ ಹಾರ್ಡ್ರಾಡ ಸತ್ತ. ಸುಮಾರು 300 ಹಡಗಿನಲ್ಲಿ ಬಂದವರಲ್ಲಿ ಬದುಕಿದವರಿಗೆ 24 ಸಾಕಾಯಿತು. ಆದ್ರೆ ಹೆರಾಲ್ಡನ ನುರಿತ ಯೋಧರಲ್ಲೂ ಎಷ್ಟೋ ಜನ ಅಲ್ಲೇ ಸತ್ತರು. ಗುರಾಣಿ ಸಾಲಿನ ಮೊದಲ ಪಂಕ್ತಿ ಅವರದ್ದೇ ಅಲ್ವಾ?

ಮಂಜುನಾಥ: ಹಾಗಾದ್ರೆ ಹೆರಾಲ್ಡ್ ಲಂಡನ್ನಿನಲ್ಲಿ ಇನ್ನೊಂದಷ್ಟು ದಿನ ನಿಂತು ಜನ ಸೇರಿಸಬೇಕಿತ್ತು. ಮೂರನೇ ಒಂದು ಭಾಗ ಸೈನ್ಯವೂ ಸಾಲುಗೂಡುವ ಮೊದಲೇ ಕಾಳಗ ಹತ್ತಿತು ಅಂತ ಚರಿತ್ರಕಾರ ವೂಸ್ಟರಿನ ಜಾನ್ ಬರೀತಾನೆ. ಅವಸರ ಹೆರಾಲ್ಡನದ್ದೇ.

ರೇಖಾ: ವಿಲಿಯಂ ಸಸೆಕ್ಸಿನಲ್ಲಿ ಹೆರಾಲ್ಡನ ಮನೆತನದ ಹಳ್ಳಿಗಳಿಗೇ ಬೆಂಕಿ ಇಡ್ತಿದ್ದ. ಕೈಕಟ್ಟಿ ಕೂತಿದ್ರೆ ಜನವರಿಯಲ್ಲಷ್ಟೇ ಕಿರೀಟ ಇಟ್ಟುಕೊಂಡ ದೊರೆಯನ್ನ ಯಾರು ನಂಬ್ತಿದ್ದರು?

ಗಿರೀಶ: ಅಂದ್ರೆ ಹೇಸ್ಟಿಂಗ್ಸಿನಲ್ಲೇ ಎಲ್ಲ ಮುಗೀತು ಅನ್ನಬಹುದಾ?

ಸುಧಾ: ಅದೂ ಇಲ್ಲ. ಲಂಡನ್ನಿನವರು ಹಳೆ ರಾಜವಂಶದ ಹುಡುಗ ಎಡ್ಗರನನ್ನ ದೊರೆಯಾಗಿ ಆರಿಸಿದರು. ವಿಲಿಯಂ ಸುತ್ತು ಹಾಕಿ ವಾಲಿಂಗ್‌ಫರ್ಡಿನಲ್ಲಿ ಥೇಮ್ಸ್ ದಾಟಿದ, ಬರ್ಕಮ್‌ಸ್ಟೆಡ್ಡಿನಲ್ಲಿ ಅವರು ಶರಣಾದರು. ಪಟ್ಟ ಸಿಕ್ಕಿದ್ದು ಡಿಸೆಂಬರ್ 25ಕ್ಕೆ. ಎಡ್ಗರನ ಬೆನ್ನಿಗೆ ದಂಡೊಂದು ಉಳಿದಿದ್ದರೆ ಅದೂ ಆಗ್ತಿರಲಿಲ್ಲ.