ರೆಪ್ಪೆ ಅಂಚಿನ ಉರಿ, ಡ್ರಾಪ್ಸ್ ನಿಲ್ಲಿಸಿದರೆ ಮತ್ತೆ ಶುರು. ಏನು ಮಾಡೋದು?

ಪ್ರಶ್ನೆ:
ಅಮ್ಮನಿಗೆ ಎರಡೂ ಕಣ್ಣಿನ ರೆಪ್ಪೆ ಅಂಚು ಸದಾ ಕೆಂಪು. ಬೆಳಿಗ್ಗೆ ಗೀಜು ಒಣಗಿ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಉರಿ, ತುರಿಕೆ, ಮರಳು ಬಿದ್ದ ಹಾಗೆ ಆಗುತ್ತದೆ ಅಂತಾರೆ. ಡಾಕ್ಟರು ಬ್ಲೆಫರೈಟಿಸ್ (ರೆಪ್ಪೆ ಅಂಚಿನ ಉರಿಯೂತ) ಅಂತ ಹೇಳಿ ಡ್ರಾಪ್ಸ್ ಕೊಟ್ಟರು. ಹಾಕುವಷ್ಟು ದಿನ ಆರಾಮ, ಬಿಟ್ಟರೆ ಮತ್ತೆ ಅದೇ ಗೋಳು. ತಲೆಹೊಟ್ಟೂ ಜಾಸ್ತಿ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಮನೆಯಲ್ಲಿ ಮಗು ಇದೆ, ಅಂಟುತ್ತಾ?

ಉತ್ತರ 1:
ಅಂಟಲ್ಲ, ಆ ಭಯ ಬಿಡಿ. ತಲೆಹೊಟ್ಟಿನ ಸಂಬಂಧ ಮಾತ್ರ ಖಂಡಿತ ಇದೆ. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿ ಕೂಡ ಸಿಪ್ಪೆ ಏಳುತ್ತದಾ ನೋಡಿ. ಹಾಗಿದ್ದರೆ ರೆಪ್ಪೆಗೂದಲಿನ ಬುಡದಲ್ಲೂ ಜಿಡ್ಡು ಜಿಡ್ಡಾದ ಹೊಟ್ಟು ಕೂರುತ್ತದೆ. ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಹೊಟ್ಟು ಗಟ್ಟಿ, ಕಿತ್ತರೆ ರಕ್ತ ಬರಬಹುದು, ಕೂದಲೂ ಉದುರುತ್ತದೆ. ಇನ್ನೊಂದು ಬಗೆ ಹೊರಗೆ ಅಷ್ಟು ಕಾಣಲ್ಲ. ರೆಪ್ಪೆಯೊಳಗೆ ಸಾಲಾಗಿ ಮೈಬೋಮಿಯನ್ ಗ್ರಂಥಿಗಳಿವೆ. ಕಣ್ಣೀರು ಬೇಗ ಆರದ ಹಾಗೆ ಮೇಲೆ ಎಣ್ಣೆ ಪದರ ಹಾಕುವುದು ಅವೇ, ಆ ಎಣ್ಣೆ ಗಟ್ಟಿಯಾಗಿ ಬಾಯಿ ಕಟ್ಟಿಕೊಂಡರೆ ಕಣ್ಣು ಒಣಗುತ್ತದೆ, ಉರಿಯುತ್ತದೆ, ಆ ಉರಿಗೇ ಮತ್ತೆ ನೀರು ಸುರಿಯುತ್ತದೆ. ಪದೇ ಪದೇ ಕುರು ಏಳುವುದೂ ಇದರಿಂದಲೇ. ಎಷ್ಟೋ ಜನರಿಗೆ ಎರಡೂ ಬಗೆ ಒಟ್ಟಿಗೇ ಇರುತ್ತವೆ.

ಉತ್ತರ 2:
ಡ್ರಾಪ್ಸ್ ಮಾತ್ರ ನೆಚ್ಚಿಕೊಂಡರೆ ಹೀಗೇ ಆಗೋದು. ಇದು ಬಿಪಿ, ಶುಗರ್ ತರಹ ದಿನಾ ನೋಡಿಕೊಳ್ಳಬೇಕಾದ ಕಾಯಿಲೆ. ಶುಭ್ರ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಕೈಗೆ ಹಿತವೆನಿಸುವಷ್ಟೇ ಬಿಸಿ ಇರಲಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಿ, ಆರಿದ ಹಾಗೆ ಮತ್ತೆ ಅದ್ದಿ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಮೆಲ್ಲಗೆ ನೀವಿ. ಕೊನೆಗೆ ರೆಪ್ಪೆಗೂದಲ ಬುಡ ಒರೆಸಿ. ಉರಿ ಕಡಿಮೆಯಾಯಿತು ಅಂತ ಬಿಡಬೇಡಿ, ಎಲ್ಲರೂ ಎಡವುವುದು ಅಲ್ಲೇ. ತಲೆಹೊಟ್ಟಿಗೂ ಜೊತೆಗೇ ಔಷಧಿ ಮಾಡಿ, ಆದರೆ ಆ ಶಾಂಪೂ ಕಣ್ಣಿಗೆ ಹೋಗಬಾರದು.

ಉತ್ತರ 3:
ರೆಪ್ಪೆಗೂದಲ ಬುಡಕ್ಕೆ ಕೊಳವೆ ತೊಡಿಸಿದ ಹಾಗೆ ಬಿಳಿ ಹೊಟ್ಟು ಇದ್ದರೆ ಅದು ಡೆಮೊಡೆಕ್ಸ್ ಅನ್ನೋ ಹುಳದ ಗುರುತು. ಬರಿಗಣ್ಣಿಗೆ ಹುಳ ಕಾಣಲ್ಲ, ವಯಸ್ಸಾದ ಹಾಗೆ ಜಾಸ್ತಿ ಜನರಲ್ಲಿ ಇರುತ್ತದೆ. ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಬೆಳಕಿನ ಯಂತ್ರ) ಅಮ್ಮನಿಗೆ ಕೆಳಗೆ ನೋಡೋಕೆ ಹೇಳಿ ಪರೀಕ್ಷಿಸಿದರೆ ಹೊಟ್ಟು ಸರಿಯಾಗಿ ಕಾಣುತ್ತದೆ, ಕೇಳಿ ನೋಡಿಸಿ. ಅದಕ್ಕೇ ಅಂತ ಲೋಟಿಲಾನರ್ ಡ್ರಾಪ್ಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟಿದೆ, 6 ವಾರ ಹಾಕಬೇಕು. ಟೀ ಟ್ರೀ ಎಣ್ಣೆ ಬಗ್ಗೆ ಓದಿ ಸುಮ್ನೆ ಹಚ್ಚಬೇಡಿ, ನೇರವಾಗಿ ತಾಗಿದರೆ ಕಣ್ಣು ಸುಡುತ್ತದೆ. ಇನ್ನೊಂದು ಮಾತು, ಕೆನ್ನೆ, ಮೂಗು ಆಗಾಗ ಕೆಂಪಾಗುತ್ತದಾ? ರೊಸೇಶಿಯಾ, ಅಂದರೆ ಹೀಗೆ ಮುಖ ಕೆಂಪಾಗುವ ಚರ್ಮದ ಕಾಯಿಲೆ ಇದ್ದವರಿಗೆ ರೆಪ್ಪೆ ತೊಂದರೆಯೂ ಜಾಸ್ತಿ.

ಪ್ರಶ್ನೆ ಕೇಳಿದವರು:
ಕೆನ್ನೆ ಕೆಂಪಾಗೋದು ಹೌದು! ಅದನ್ನು ಡಾಕ್ಟರಿಗೆ ಹೇಳೇ ಇಲ್ಲ. ಹಳೇ ಡ್ರಾಪ್ಸ್ ಇನ್ನೊಂದು ಬಾಟಲಿ ತರಿಸಲಾ?

ಉತ್ತರ 4:
ಬೇಡ. ಮೊದಲು ಅದರಲ್ಲಿ ಸ್ಟೀರಾಯ್ಡ್ ಇದೆಯಾ ಕೇಳಿ. ಇದ್ದರೆ ಡಾಕ್ಟರು ನೋಡದೆ ಮುಂದುವರಿಸಲೇಬಾರದು, ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಕೆನ್ನೆ ವಿಷಯ ತಪ್ಪದೆ ಹೇಳಿ. ರೊಸೇಶಿಯಾ ಅಂತಾದರೆ ಕೆಲವರಿಗೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ ಕೊಡುತ್ತಾರೆ. ನೋವು ಜಾಸ್ತಿಯಾದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ಹೋಗಿ. ಒಂದೇ ರೆಪ್ಪೆಯಲ್ಲಿ ಗಂಟು ವಾಸಿಯಾಗದೆ ಕೂತು, ಅಲ್ಲಿನ ಕೂದಲೂ ಉದುರುತ್ತಿದ್ದರೆ ಅದನ್ನು ಬ್ಲೆಫರೈಟಿಸ್ ಅಂದುಕೊಂಡು ಕಾಯಬೇಡಿ, ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ, ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಕಾಗಬಹುದು.