ಅವ್ವನ ಮೂತ್ರದಲ್ಲಿ ಆರ್ಸೆನಿಕ್ 140 ಬಂದಿದೆ, ಏನು ಮಾಡಲಿ?

ರಾಯಚೂರಿನವ:
ನಮ್ಮೂರು ಲಿಂಗಸುಗೂರು ತಾಲೂಕು, ಹಟ್ಟಿ ಚಿನ್ನದ ಗಣಿ ಕಡೆ. ಇಪ್ಪತ್ತು ವರ್ಷದಿಂದ ಮನೆ ಹಿಂದಿನ ಬೋರ್ ನೀರೇ ಕುಡಿಯೋದು. ಅವ್ವನ ಅಂಗೈ ತುಂಬ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳಾಗಿವೆ, ರೊಟ್ಟಿ ಬಡಿಯುವಾಗ ನೋಯುತ್ತವೆ ಅಂತಾರೆ. ಬೆನ್ನ ಮೇಲೆ ಮಳೆಹನಿ ಬಿದ್ದ ಹಾಗೆ ಚುಕ್ಕೆಗಳು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ನೀರಲ್ಲಿ ಆರ್ಸೆನಿಕ್ ವಿಷ ಇದ್ದ ಸುದ್ದಿ ಓದಿದ್ದೆ, ಅದಕ್ಕೇ ಅನುಮಾನ ಬಂತು. ಅವ್ವನನ್ನು ಮಂಗಳೂರಿಗೆ ನನ್ನ ಮನೆಗೆ ಕರೆತಂದು, ಐದನೇ ದಿನ ಮೂತ್ರ ಟೆಸ್ಟ್ ಮಾಡಿಸಿದೆ. ಒಟ್ಟು ಆರ್ಸೆನಿಕ್ ಲೀಟರಿಗೆ 140 ಮೈಕ್ರೋಗ್ರಾಂ. ರಾತ್ರಿ ನಿದ್ದೆ ಬಂದಿಲ್ಲ.

ಬಸವಣ್ಣೆಪ್ಪ:
ತಮ್ಮಾ, ಸದ್ಯಕ್ಕೆ ನೀರು ಚೆನ್ನಾಗಿ ಕುದಿಸಿ ಕೊಡು.

ಲ್ಯಾಬ್ ಅಕ್ಕ:
ಅಣ್ಣಾ, ದಯವಿಟ್ಟು ಹಾಗೆ ಹೇಳಬೇಡಿ. ಕುದಿಸಿದರೆ ಆರ್ಸೆನಿಕ್ ಹೋಗಲ್ಲ. ನೀರು ಆವಿಯಾಗಿ, ಉಳಿದ ನೀರಲ್ಲಿ ಅದು ಇನ್ನೂ ಜಾಸ್ತಿ ಆಗುತ್ತದೆ. ತಮ್ಮಾ, ಮಂಗಳೂರಲ್ಲಿ ಅವ್ವ ಮೀನು ತಿಂದರಾ?

ರಾಯಚೂರಿನವ:
ಹೌದಕ್ಕಾ. ಎರಡು ದಿನ ಬಂಗುಡೆ ಸಾರು, ಟೆಸ್ಟಿನ ಹಿಂದಿನ ರಾತ್ರಿ ಸಿಗಡಿ. ಬಹಳ ಇಷ್ಟಪಟ್ಟು ತಿಂದರು.

ಲ್ಯಾಬ್ ಅಕ್ಕ:
ಹಾಗಾದರೆ ಆ 140ನ್ನು ನಂಬಬೇಡಿ. ಸಮುದ್ರದ ಮೀನು, ಸಿಗಡಿಯಲ್ಲಿ ಆರ್ಸೆನೋಬೀಟೈನ್ ಅಂತ ಆರ್ಸೆನಿಕ್‌ನ ಬೇರೊಂದು ಬಗೆ ಇರುತ್ತದೆ. ಅದರಿಂದ ಅಪಾಯವಿಲ್ಲ, ಬಂದ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಆದರೆ ಒಟ್ಟು ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಬೋರ್ ನೀರಿನ ವಿಷವೋ, ಬಹುಪಾಲು ಮೂರು ನಾಲ್ಕು ದಿನದಲ್ಲೇ ಹೊರಗೆ ಹೋಗಿಬಿಡುತ್ತದೆ. ನೀವು ಮಾಡಿಸಿದ್ದು ಐದನೇ ದಿನ. ನಾವು ಹುಡುಕುತ್ತಿದ್ದದ್ದು ಹೋಗಿ, ಬೇಡದ್ದು ಬಂದು ಕೂತಿದೆ.

ಹಾಗಂತ ಟೆಸ್ಟಿಗೋಸ್ಕರ ಅವ್ವನಿಗೆ ಮತ್ತೆ ಆ ನೀರು ಕುಡಿಸಬೇಡಿ! ಊರಲ್ಲಿ ಯಾರಿದ್ದಾರೆ?

ರಾಯಚೂರಿನವ:
ಅಪ್ಪ ಒಬ್ಬರೇ. ಅದೇ ನೀರು.

ಲ್ಯಾಬ್ ಅಕ್ಕ:
ಅಪ್ಪನ ಮೂತ್ರವನ್ನೇ ಕೊಡಿ. ಅದಕ್ಕೆ ಮೊದಲು ನಾಲ್ಕೈದು ದಿನ ಸಮುದ್ರದ ಮೀನು ಬೇಡ. ಲ್ಯಾಬಿನವರು ಕೊಡುವ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಿಡಿಯಲಿ, ಮನೆಯ ಲೋಟ ಡಬ್ಬಿ ಬೇಡ. 'ಒಟ್ಟು ಸಾಲದು, ಇನಾರ್ಗ್ಯಾನಿಕ್ ಆರ್ಸೆನಿಕ್ ಬೇರೆ ಮಾಡಿ ಹೇಳಿ' ಅಂತ ಬರೆಸಿ. ಬೋರ್ ನೀರಿನ ವಿಷದ ಬಗೆ ಅದೇ. ಜೊತೆಗೆ ಮೂತ್ರ ಎಷ್ಟು ತೆಳು ಅಂತ ತೋರಿಸುವ ಕ್ರಿಯಾಟಿನಿನ್ ಟೆಸ್ಟ್ ಕೂಡ. ನೀರು ಜಾಸ್ತಿ ಕುಡಿದರೆ ಮೂತ್ರ ತೆಳುವಾಗಿ ಅಂಕಿ ಇಳಿಯುತ್ತದೆ, ಅದನ್ನು ಸರಿಮಾಡಲು ಅದು ಬೇಕು. ಬೋರ್ ನೀರನ್ನೂ ಕಳಿಸಿ, ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು.

ಅವ್ವನ ಅಂಗೈ ಮಾತ್ರ ಯಾವ ರಿಪೋರ್ಟಿಗೂ ಕಾಯಬಾರದು. ಆ ಗಂಟುಗಳು ವರ್ಷಗಟ್ಟಲೆ ಕುಡಿದ ನೀರಿನ ಗುರುತು ಇರಬಹುದು, ಮೂತ್ರ ಸರಿ ಬಂದರೂ ಅವು ಇರುತ್ತವೆ. ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆಯೂ ಉಂಟು. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ.

ರಾಯಚೂರಿನವ:
ಅಪ್ಪನಿಗೆ ಈಗಷ್ಟೇ ಫೋನ್ ಮಾಡಿದೆ. ಸ್ನಾನಕ್ಕಾದರೂ ಬೋರ್ ನೀರು ಬಳಸಲಾ ಅಂತ ಕೇಳುತ್ತಿದ್ದಾರೆ.

ಲ್ಯಾಬ್ ಅಕ್ಕ:
ಸ್ನಾನಕ್ಕೆ, ಬಟ್ಟೆಗೆ ತೊಂದರೆ ಇಲ್ಲ. ಕುಡಿಯಲು, ಅನ್ನ ಬೇಳೆ ಬೇಯಿಸಲು, ರೊಟ್ಟಿ ಹಿಟ್ಟು ನಾದಲು ಬೇಡವೇ ಬೇಡ.